ಸೋಮವಾರ ಕೈಕೊಡದ ನೆಟ್ಟು

ಪರದೆಯ ಮೇಲೆ ಹಸಿರು, ಕೆಂಪು ಬಣ್ಣದಲ್ಲಿ ಕುಣಿಯುತ್ತಿದ್ದ ಅಂಕಿಗಳು ಇದ್ದಕ್ಕಿದ್ದಂತೆ ನಿಂತವು.

ಕಲಾವತಿ ಮೌಸನ್ನು ಎರಡು ಸಲ ಕುಟ್ಟಿದರು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಪಕ್ಕದಲ್ಲಿ ನಿಂತಿದ್ದ ಆಶಾರಾಣಿಯವರ ಕಡೆ ತಿರುಗಿದರು.

"ನೋಡಿ ಮೇಡಂ. ನಿಮ್ಮ ಕಣ್ಣೆದುರಿಗೇ ಹೋಯ್ತು."

"ಕರೆಂಟ್?"

"ಫ್ಯಾನ್ ತಿರುಗ್ತಿದೆಯಲ್ಲ."

ಮುನೇಶ್ ತಲೆಯೆತ್ತಿ ನೋಡಿದ. ಫ್ಯಾನು ನಿಜವಾಗಿಯೂ ತಿರುಗುತ್ತಿತ್ತು. ಕಪಾಟಿನ ಮೇಲಿದ್ದ ಮೋಡೆಮ್ಮಿನಲ್ಲೂ ದೀಪಗಳಿದ್ದವು. ನಾಲ್ಕು ಹಸಿರು, ಒಂದು ಕೆಂಪು. ಅವನು ಆ ಕೆಂಪು ದೀಪವನ್ನೇ ನೋಡಿದ. ಈ ಕೆಲಸ ತಮ್ಮಿಂದ ಆಗುತ್ತದೆಯೇ?

ಆರ್.ಟಿ. ನಗರದ ಬೇಕರಿಯೊಂದರ ಮಹಡಿಯಲ್ಲಿ ಆಶಾರಾಣಿಯವರ ಪತ್ತೇದಾರಿ ಕಚೇರಿ. ಪತ್ತೇದಾರಿ ಎಂದರೆ ಮದುವೆಗೆ ಮುಂಚಿನ ವಿಚಾರಣೆ: ಹುಡುಗ ಕುಡಿಯುತ್ತಾನಾ, ಹೇಳಿದಷ್ಟು ಸಂಬಳ ನಿಜವಾ, ಮೊದಲೇ ಒಂದು ಸಂಸಾರವಿದೆಯಾ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ಮುನೇಶ್ ಅವರ ಬಳಿ ಸೇರಿ ಎರಡು ವರ್ಷವಾಗಿತ್ತು. ಒಬ್ಬ ಹುಡುಗನ ಬಗ್ಗೆ 'ಒಳ್ಳೆಯವನು' ಎಂದು ಬರೆಯುವ ಮುಂಚೆ ಅವನು ಮೂರು ಬೀದಿಯಲ್ಲಿ ಕೇಳಿ ಬರುತ್ತಿದ್ದ. ಬರೆದ ಮೇಲೂ ನಿದ್ದೆ ಬರುತ್ತಿರಲಿಲ್ಲ. ನೆಟ್ಟಿನ ಕತ್ತು ಹಿಸುಕುವವರನ್ನು ಹುಡುಕುವುದು ಇದೇ ಮೊದಲು.

ಬುಧವಾರ ಕಲಾವತಿ ತಾವೇ ಕಚೇರಿಗೆ ಬಂದಿದ್ದರು. ಬ್ಯಾಟರಾಯನಪುರದ ಹಳೆಯ ಒಕ್ಕಲು ಮನೆತನದ ಹಿರಿ ಸೊಸೆ. ಹೊಲಗಳೆಲ್ಲ ಲೇಔಟಾಗಿ, ಕೊನೆಗೆ ಉಳಿದ ಜಾಗದಲ್ಲಿ ಮಾವ ದೊಡ್ಡಮುನಿಯಪ್ಪನವರು ಕಟ್ಟಿಸಿ ಹೋದ ಎರಡಂತಸ್ತಿನ ಮನೆ. ಅತ್ತೆ, ಮೈದುನ, ಗಂಡ, ಇಬ್ಬರು ಮಕ್ಕಳು, ಎಲ್ಲರೂ ಒಟ್ಟಿಗೆ. ಗಂಡನಿಗೆ ವಿಮಾನ ನಿಲ್ದಾಣದಲ್ಲಿ ಪಾಳಿಯ ಕೆಲಸ. ಮಕ್ಕಳು ಶಾಲೆಗೆ ಹೋದ ಮೇಲೆ ಕಲಾವತಿ ಶೇರು ವ್ಯಾಪಾರ ಕಲಿತು, ಮನೆಯಲ್ಲೇ ಕೂತು, ಬೆಳಿಗ್ಗೆ ಕೊಂಡದ್ದನ್ನು ಸಂಜೆಯೊಳಗೆ ಮಾರುತ್ತಿದ್ದರು. ಎರಡು ವರ್ಷ ಚೆನ್ನಾಗಿ ನಡೆದಿತ್ತು. ಶಿವರಾತ್ರಿ ಕಳೆದ ಮೇಲೆ ಶುರುವಾಯಿತು ಈ ಕಾಟ.

"ಮಾರೋ ಹೊತ್ತಿಗೆ ಸರಿಯಾಗಿ ನೆಟ್ ಹೋಗುತ್ತೆ ಮೇಡಂ. ಕೈಯಲ್ಲಿ ಹಿಡ್ಕೊಂಡ ಬಿಸಿ ಪಾತ್ರೆ ಇಳಿಸೋಕೆ ಜಾಗ ಇಲ್ಲದ ಹಾಗೆ. ಬ್ರೋಕರ್ ಆಫೀಸಿಗೆ ಫೋನ್ ಮಾಡಿದ್ರೆ ಹಾಡು ಕೇಳಿಸ್ತಾರೆ. ಸಿಮ್ ಹಾಕೋ ಡಾಂಗಲ್ ತಂದಿಟ್ಟೆ, ನಮ್ಮ ಮನೆಯೊಳಗೆ ಅದಕ್ಕೆ ಉಸಿರೇ ಇಲ್ಲ."

ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ್ದರು. "ಗಂಗಾನಗರದಲ್ಲಿ ಒಂದು ಬಾಡಿಗೆ ಮನೆ ನೋಡಿದ್ದೀವಿ. ಶುಕ್ರವಾರ ಮಧ್ಯಾಹ್ನ ಅಡ್ವಾನ್ಸ್ ಕೊಡ್ಬೇಕು. ಹೊರಗಿನವರು ಮಾಡ್ತಿದ್ರೆ ಅವರನ್ನ ತಡೀತೀನಿ. ಮನೆಯವರೇ ಆದ್ರೆ, ನಾನು ಆ ಮನೇಲಿ ಇರಲ್ಲ."

ಹಾಗಾಗಿ ಗುರುವಾರ, ಊಟದ ಹೊತ್ತು ಮುಗಿಯುತ್ತಿದ್ದಂತೆ, ಇಬ್ಬರೂ ಇಲ್ಲಿಗೆ ಬಂದಿದ್ದರು. ಬಂದು ಸ್ವಲ್ಪ ಹೊತ್ತಿಗೇ ಅಂಕಿಗಳು ನಿಂತಿದ್ದವು.

ಕಲಾವತಿ ಮನೆಯ ಲ್ಯಾಂಡ್‌ಲೈನಿನಿಂದ ಕೇಬಲ್ಲಿನ ವಾಜಿದ್‌ಗೆ ಫೋನ್ ಮಾಡಿದರು. ಆ ಬೀದಿಗೆಲ್ಲ ನೆಟ್ ಕೊಡುವವನು ಅವನೇ. ಚಿಕ್ಕಬಾಣಾವರದಲ್ಲಿ ತಂತಿ ಎಳೆಯುತ್ತಿದ್ದೇನೆ, ಮುಗಿಸಿ ಬರುತ್ತೇನೆ ಎಂದ.

"ಇವನ ಮೇಲೆ ಅನುಮಾನ ಇದೆಯಾ?" ಆಶಾರಾಣಿ ಕೇಳಿದರು.

"ಇಲ್ದೇ ಏನು? ಬಂದಾಗಲೆಲ್ಲ 'ದೊಡ್ಡ ಪ್ಲಾನ್ ತಗೊಳ್ಳಿ ಮೇಡಂ, ಸ್ಪೀಡ್ ಬರುತ್ತೆ' ಅಂತಾನೆ."

"ಸ್ಪೀಡ್ ಕಡಿಮೆ ಆಗೋದು ಬೇರೆ, ಪೂರ್ತಿ ಹೋಗೋದು ಬೇರೆ. ಎರಡನ್ನೂ ಬಿಡಿಸಿ ಹೇಳಿ."

ಕಲಾವತಿ ಯೋಚಿಸಿದರು. "ಸಾಯಂಕಾಲ ನಿಧಾನ ಆಗುತ್ತೆ. ಎಲ್ಲರೂ ಆಫೀಸಿಂದ ಬಂದು ಸಿನಿಮಾ ನೋಡ್ತಾರಲ್ಲ. ಗಾಳಿ ಮಳೆ ಬಂದ್ರೂ ಅಷ್ಟೆ. ಅದಕ್ಕೆ ಒಗ್ಗಿಹೋಗಿದ್ದೀನಿ. ಇದು ಹಂಗಲ್ಲ. ಒಂದೇ ಏಟಿಗೆ ಸತ್ತುಹೋಗುತ್ತೆ. ಆಮೇಲೆ ತಾನಾಗೇ ಎದ್ದು ಕೂರುತ್ತೆ."

"ಯಾವ ಹೊತ್ತಲ್ಲಿ?"

"ಅದೇ ತಲೆ ಕೆಡೋದು. ದಿನಕ್ಕೊಂದು ಹೊತ್ತು. ಇವತ್ತು ಊಟ ಆದ್ಮೇಲೆ. ನಿನ್ನೆ ಕುಕ್ಕರ್ ಇಡೋ ಹೊತ್ತಿಗೆ. ಮೊನ್ನೆ ಮಾರ್ಕೆಟ್ ಮುಚ್ಚೋ ಕೊನೇ ಗಳಿಗೇಲಿ."

"ಶುಕ್ರವಾರ?"

"ಶುಕ್ರವಾರ ಬೆಳಿಗ್ಗೆನೇ. ಅದೇ ಎಲ್ಲಕ್ಕಿಂತ ಕೆಟ್ಟದ್ದು."

"ಸೋಮವಾರ?"

"ಸೋಮವಾರ..." ಕಲಾವತಿ ಹುಬ್ಬು ಗಂಟಿಕ್ಕಿದರು. "ಇಲ್ಲ ಮೇಡಂ. ಸೋಮವಾರ ಒಂದು ಸಲಾನೂ ಕೈಕೊಟ್ಟಿಲ್ಲ. ಯಾಕೆ ಅಂತ ಯೋಚನೇನೇ ಮಾಡಿರಲಿಲ್ಲ."

"ಶನಿವಾರ, ಭಾನುವಾರ?"

"ಮಾರ್ಕೆಟ್ ರಜಾ. ಮಕ್ಕಳು ಇಡೀ ದಿನ ಗೇಮ್ ಆಡ್ತಾರೆ. ಏನೂ ಆಗಲ್ಲ."

"ಯಂತ್ರ ಕೆಟ್ಟಿದ್ರೆ ಅದಕ್ಕೆ ವಾರ ಗೊತ್ತಾಗಲ್ಲ," ಎಂದರು ಆಶಾರಾಣಿ. "ಇದು ಮನುಷ್ಯರ ಕೆಲಸ. ನಿಮ್ಮ ಶೇರು ವ್ಯಾಪಾರಾನೇ ನಿಲ್ಲಬೇಕು ಅನ್ನೋರ ಕೆಲಸ."

ಅದೇ ಹೊತ್ತಿಗೆ ಮೆಟ್ಟಿಲ ಕಡೆಯಿಂದ ಗಟ್ಟಿ ದನಿ ಕೇಳಿಸಿತು. ಮುನೇಶ್ ಬಾಗಿಲ ಬಳಿ ಹೋಗಿ ಕಿವಿಗೊಟ್ಟ. ಟೆರೇಸಿನಲ್ಲಿ ಯಾರೋ ಫೋನಿನಲ್ಲಿ ಕೂಗಾಡುತ್ತಿದ್ದರು. "ಮಾರಿ ಗುರು, ಮಾರ್ಬಿಡಿ ಈಗ್ಲೇ. ಎಷ್ಟಕ್ಕಾದ್ರೂ ಸರಿ. ಆಮೇಲೆ ಇನ್ನೂ ಬಿದ್ದೋಗುತ್ತೆ..."

"ನನ್ನ ಮೈದುನ ನಾಗೇಶ," ಎಂದರು ಕಲಾವತಿ. "ಮನೆ ಕಟ್ಟಿಸಿ ಮಾರ್ತಾನೆ."

ಮೆಟ್ಟಿಲ ಬಾಗಿಲಿಂದ ವಯಸ್ಸಾದ ಹೆಂಗಸೊಬ್ಬರು ಇಳಿದು ಬಂದರು. ಕಂಕುಳಲ್ಲಿ ಖಾಲಿ ಮೊರ, ಸೆರಗಿನ ತುದಿಯಲ್ಲಿ ಒಣಮೆಣಸಿನಕಾಯಿಯ ಘಾಟು. ಕಲಾವತಿಯ ಅತ್ತೆ ಮರಿಯಮ್ಮ. ಮುನೇಶ್ ಎರಡು ಸಲ ಸೀನಿದ.

"ಮೆಣಸಿನಕಾಯಿ ಒಣಗಾಕಿದ್ದೆ ಕಣಪ್ಪ. ಗಾಳೀಗೆ ಘಾಟು ಒಡೀತದೆ," ಎಂದು ನಕ್ಕು ಅವರು ಅಡುಗೆಮನೆಗೆ ಹೋದರು.

ಅವರ ಹಿಂದೆಯೇ ನಾಗೇಶ್ ಇಳಿದು ಬಂದ. ಮೂವತ್ತರ ಆಸುಪಾಸು, ಬಿಳಿ ಅಂಗಿ, ಬೆವರಿದ ಹಣೆ. ಆಶಾರಾಣಿಯವರನ್ನು ನೋಡಿ ತಡೆದು ನಿಂತ.

"ಏನತ್ತಿಗೆ, ಮತ್ತೆ ನೆಟ್ ಹೋಯ್ತಾ? ಅದಕ್ಕೇ ಹೇಳಿದ್ದು, ಆ ಜೂಜು ಬಿಟ್ಬಿಡಿ ಅಂತ. ಮಣ್ಣಿನ ಮೇಲೆ ದುಡ್ಡು ಹಾಕಿ, ಯಾವ ತಂತಿನೂ ಬೇಡ."

"ಮೇಲೇನು ಮಾಡ್ತಿದ್ರಿ?" ಆಶಾರಾಣಿ ಸಹಜವಾಗಿ ಕೇಳಿದರು.

"ಫೋನು. ಕೆಳಗೆ ಸಿಗ್ನಲ್ ಸಿಗಲ್ಲ."

"ನಿಮಗೂ ಮನೇಲಿ ನೆಟ್ ಬೇಕಾಗುತ್ತಾ?"

"ನನಗ್ಯಾಕ್ರೀ ನೆಟ್ಟು?" ಅವನು ಕಣ್ಣು ತಪ್ಪಿಸಿದ. "ಸಿಮೆಂಟ್ ಏನು ನೆಟ್ಟಲ್ಲಿ ಕಲಸ್ತಾರಾ?"

"ಸೋಮವಾರ ಮನೇಲಿರ್ತೀರಾ?"

"ಸೋಮವಾರ ದೊಡ್ಡಬಳ್ಳಾಪುರದ ಸೈಟಿಗೆ ಹೋಗ್ತೀನಿ. ಯಾಕೆ? ನೀವು ಯಾರು ಅಂತ ಗೊತ್ತಾಗ್ಲಿಲ್ಲ."

"ಹೆಣ್ಣು ಗಂಡು ವಿಚಾರಿಸೋರು," ಎಂದರು ಆಶಾರಾಣಿ.

ನಾಗೇಶ್ ಅಂಗಿಯ ಕಾಲರು ಸರಿಮಾಡಿಕೊಂಡು ಸರಸರನೆ ತನ್ನ ಕೋಣೆಗೆ ಹೋಗಿಬಿಟ್ಟ.

ಮುನೇಶ್ ಲೆಕ್ಕ ಹಾಕಿದ. ಸೋಮವಾರ ನಾಗೇಶ್ ಮನೆಯಲ್ಲಿರುವುದಿಲ್ಲ. ಸೋಮವಾರ ನೆಟ್ ಹೋಗುವುದಿಲ್ಲ. ಇನ್ನೇನು ಬೇಕು?

ಕಲಾವತಿ ಬ್ರೋಕರ್ ಆಫೀಸಿಗೆ ಮತ್ತೆ ಮತ್ತೆ ಫೋನ್ ಮಾಡಿದರು. ವಾಜಿದ್‌ನ ದಾರಿ ಕಾದು ಕಾದು, ಕೊನೆಗೆ ಆಶಾರಾಣಿ ಬ್ಯಾಗು ಹೆಗಲಿಗೆ ಹಾಕಿಕೊಂಡರು. "ನಾವು ಅವನ ಆಫೀಸಿಗೇ ಹೋಗಿ ಕೇಳ್ತೀವಿ. ನಡಿ ಮುನೇಶ್."

"ಅಯ್ಯೋ, ಇಂಗೆ ಬರಿ ಬಾಯಲ್ಲಿ ಓಗ್ಬಾರ್ದು," ಎಂದು ಮರಿಯಮ್ಮ ಅಡುಗೆಮನೆಯಿಂದ ಬಂದೇಬಿಟ್ಟರು. ಕೈಯಲ್ಲಿ ಮಜ್ಜಿಗೆ. ಕುಡಿದರು. ಮತ್ತೆ ಎದ್ದರು. ಮತ್ತೊಂದು ಲೋಟ ಬಂತು. ಅದೂ ಮುಗಿಯಿತು. ಆಮೇಲೆ ಬಾಳೆಹಣ್ಣು. ಆಮೇಲೆ ಆಶಾರಾಣಿಯವರ ತವರು ಯಾವುದು, ಮುನೇಶನಿಗೆ ಮದುವೆಯಾಗಿದೆಯಾ, ಇಲ್ಲದಿದ್ದರೆ ಯಾಕಾಗಿಲ್ಲ, ಪಕ್ಕದ ಮನೆ ಗೋಪಾಲಮ್ಮನ ಮೊಮ್ಮಗಳೊಬ್ಬಳು ಬಾಗಲೂರಿನಲ್ಲಿದ್ದಾಳೆ, ಬಣ್ಣ ಸ್ವಲ್ಪ ಕಡಿಮೆ ಆದರೆ ಗುಣ ಬಂಗಾರ. ಮುನೇಶ್ ಕಿವಿ ಕೆಂಪಗೆ ಮಾಡಿಕೊಂಡು ಬಾಳೆಹಣ್ಣಿನ ಸಿಪ್ಪೆ ಹಿಡಿದು ಕೂತ.

"ಒಂದ್ನಿಮಿಷ ಇರಿ, ಮೆಣಸಿನಕಾಯಿ ತಿರುವಾಕಿ ಬತ್ತೀನಿ. ಓಗ್ಬುಟ್ಟೀರಾ," ಎಂದು ಮರಿಯಮ್ಮ ಮೆಟ್ಟಿಲು ಹತ್ತಿದರು. ಇಳಿದು ಬಂದವರು ಆಶಾರಾಣಿಯವರ ಹಣೆಗೆ ಕುಂಕುಮ ಇಟ್ಟರು. "ಇನ್ನ ಓಗ್ಬನ್ನಿ. ಒಳ್ಳೇದಾಗ್ಲಿ."

ಅದೇ ವೇಳೆಗೆ ಒಳಗಿನಿಂದ ಕಲಾವತಿಯ ದನಿ ಬಂತು. "ಬಂತು ಮೇಡಂ, ನೆಟ್ ಬಂತು."

ಗೇಟಿನ ಬಳಿ ವಾಜಿದ್ ಬೈಕು ನಿಲ್ಲಿಸುತ್ತಿದ್ದ. ಮೈಯೆಲ್ಲ ಧೂಳು.

"ಬಂತಂತೆ, ಅಲ್ವಾ?" ಎಂದ ಸೋತವನಂತೆ. "ಯಾವಾಗಲೂ ಹಿಂಗೇ ಮೇಡಂ. ನಾನು ಬರೋದರಲ್ಲಿ ಸರಿಯಾಗಿರುತ್ತೆ. ಇವರು ನಾನೇ ಆರಿಸ್ತೀನಿ ಅಂತಾರೆ. ನಾನು ನನ್ನ ಗಿರಾಕಿ ಹೊಟ್ಟೆ ಮೇಲೆ ಹೊಡೀತೀನಾ?"

"ನಿಮಗೇನನ್ನಿಸುತ್ತೆ?"

"ಕರೆಂಟು. ಟೆರೇಸ್ ಮೇಲೆ ನಮ್ಮ ಡಬ್ಬ ಇದೆ. ಅದು ಸತ್ತಾಗ ನಮ್ಮ ಆಫೀಸಲ್ಲಿ ಗೊತ್ತಾಗುತ್ತೆ. ತಂತಿ ಕಿತ್ತೋದ್ರೆ ಬೇರೆ ಥರ, ಕರೆಂಟ್ ಹೋದ್ರೆ ಬೇರೆ ಥರ. ಇದು ಕರೆಂಟೇ. ಆದ್ರೆ ಇವರು ಕೆಳಗೆ ಫ್ಯಾನ್ ತೋರಿಸ್ತಾರೆ. ಯಾರನ್ನ ನಂಬಲಿ?"

ಮೂವರೂ ಟೆರೇಸಿಗೆ ಹತ್ತಿದರು. ಒಂದು ಮೂಲೆಯಲ್ಲಿ ಹಳೇ ಸೀರೆಯ ಮೇಲೆ ಮೆಣಸಿನಕಾಯಿ ಹರಡಿತ್ತು. ಮೆಟ್ಟಿಲ ತಲೆಯ ಗೋಡೆಯಲ್ಲಿ ಕಬ್ಬಿಣದ ಡಬ್ಬ, ಅದರ ಕೆಳಗೆ ಒಂದು ಸ್ವಿಚ್. ಪಕ್ಕದ ಕಟ್ಟಡದ ಸಿಮೆಂಟ್ ಧೂಳು ಡಬ್ಬದ ಮೇಲೆಲ್ಲ ಕೂತಿತ್ತು. ಸ್ವಿಚ್ಚಿನ ಮೇಲೆ ಮಾತ್ರ ಒಂದು ಚೂರೂ ಇರಲಿಲ್ಲ.

"ಈ ಸ್ವಿಚ್ ಬಗ್ಗೆ ಯಾರ್ಯಾರಿಗೆ ಗೊತ್ತು?"

"ಎಲ್ಲರಿಗೂ. ನಾನೇ ಹೇಳಿದ್ದೆ. ಇದನ್ನ ಮುಟ್ಬೇಡಿ, ಆರಿಸಿದ್ರೆ ಕಲಾ ಮೇಡಂ ಶೇರು ಕೆಲಸ ನಿಲ್ಲುತ್ತೆ ಅಂತ. ಮಕ್ಕಳಿಗೆ, ಅಮ್ಮನಿಗೆ, ನಾಗೇಶಣ್ಣನಿಗೆ."

ಆಶಾರಾಣಿ ಡಬ್ಬದೊಳಗೆ ಇಣುಕಿದರು. "ಇದರಿಂದ ಮನೆಯೊಳಗೆ ಎರಡು ತಂತಿ ಇಳಿದಿವೆಯಲ್ಲ?"

ವಾಜಿದ್ ತಲೆ ಕೆರೆದುಕೊಂಡ. "ಅದು... ಯಾರಿಗೂ ಹೇಳ್ಬೇಡ ಅಂದಿದ್ರು ಮೇಡಂ."

"ಯಾರು ಅಂತ ಕೇಳಲ್ಲ ಬಿಡಿ," ಎಂದು ಅವರು ನಕ್ಕರು.

ವಾಪಸು ಬರುವಾಗ ಹೆಬ್ಬಾಳದ ಫ್ಲೈಓವರಿನ ಮೇಲೆ ಬಸ್ಸು ಅಂಗುಲ ಅಂಗುಲವಾಗಿ ಹೋಗುತ್ತಿತ್ತು. ಮುನೇಶ್ ತಡೆಯಲಾರದೆ ಹೇಳಿದ. "ನಾಗೇಶೇ ಅನ್ಸುತ್ತೆ ಮೇಡಂ. ನೆಟ್ ಹೋದಾಗ ಮೇಲಿದ್ದ. ಸೋಮವಾರ ಇರಲ್ಲ. ಶೇರು ಅಂದ್ರೆ ಆಗಲ್ಲ."

"ಇರಬಹುದು. ಮಜ್ಜಿಗೆ ಹೇಗಿತ್ತು?"

"ಚೆನ್ನಾಗಿತ್ತು."

"ಬಂದ ತಕ್ಷಣ ಕೊಟ್ರಾ, ಹೊರಟಾಗ ಕೊಟ್ರಾ?"

"ಹೊರಟಾಗ. ಯಾಕೆ ಮೇಡಂ?"

ಆಶಾರಾಣಿ ಕಿಟಕಿಯಾಚೆ ನೋಡುತ್ತಾ ಕೂತರು. ಮುನೇಶನಿಗೆ ತಾನು ಏನೋ ಬಿಟ್ಟುಬಿಟ್ಟೆ ಅನ್ನಿಸಿತು. ಏನೆಂದು ತಿಳಿಯಲಿಲ್ಲ.

ಸಂಜೆ ಕಚೇರಿಗೆ ಕಲಾವತಿಯ ಫೋನು ಬಂತು. ಆಶಾರಾಣಿ ಹೊರಗೆ ಹೋಗಿದ್ದರು.

"ಏನಾದ್ರೂ ಗೊತ್ತಾಯ್ತಾ ಮುನೇಶ್ ಅವ್ರೇ?"

"ಇನ್ನೂ ಇಲ್ಲ ಮೇಡಂ. ನಾಳೆ ಬೆಳಿಗ್ಗೆ ಹತ್ತಕ್ಕೆ ಬರ್ತೀವಿ."

"ಇದೊಂದು ಹೇಳಿ. ಹೊರಗಿನವರಾ, ಒಳಗಿನವರಾ?"

ಅವನು ಸುಳ್ಳು ಹೇಳಲಾರ. ನಿಜವೂ ಪೂರ್ತಿ ಗೊತ್ತಿಲ್ಲ. "ಸ್ವಿಚ್ ಟೆರೇಸ್ ಮೇಲಿದೆ ಮೇಡಂ. ಆ ಹೊತ್ತಲ್ಲಿ... ನಿಮ್ಮ ಮೈದುನ ಮೇಲಿದ್ರು. ಆದ್ರೆ ಅದರಿಂದ—"

"ಸಾಕು," ಎಂದರು ಕಲಾವತಿ. "ನಾನು ಅಂದ್ಕೊಂಡಿದ್ದೇ ಆಯ್ತು. ಗಂಗಾನಗರದವರಿಗೆ ಹೇಳ್ಬಿಡ್ತೀನಿ."

ಫೋನು ಕಟ್ಟಾಯಿತು. ಮುನೇಶ್ ರಿಸೀವರನ್ನು ಹಿಡಿದುಕೊಂಡೇ ನಿಂತ. ಒಂದು ಅರ್ಧ ವಾಕ್ಯದಿಂದ ಮನೆ ಒಡೆದೆನೇ? ಆಶಾರಾಣಿ ಬಂದ ಕೂಡಲೇ ಒಪ್ಪಿಸಿದ. ಅವರು ಬೈಯಲಿಲ್ಲ. ಅದೇ ಅವನಿಗೆ ಕಷ್ಟವಾಯಿತು.

"ನಾಳೆ ಹತ್ತಕ್ಕಲ್ಲ, ಅದಕ್ಕೂ ಮುಂಚೆ ಹೋಗೋಣ. ಅವರು ಅಡ್ವಾನ್ಸ್ ಕೊಡೋದು ಮಧ್ಯಾಹ್ನ ತಾನೆ? ಶುಕ್ರವಾರದ ಬೆಳಿಗ್ಗೆ ನಮ್ಮದು."

ಶುಕ್ರವಾರ ಬೆಳಿಗ್ಗೆ ಮನೆ ಮುಂದೆ ತೊಳೆದ ನೆಲ, ಹೊಸ ರಂಗೋಲಿ. ಒಳಗೆ ಮಾತ್ರ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಲಾವತಿ ಆಗಲೇ ಎರಡು ಸೂಟ್‌ಕೇಸ್ ಮಂಚದ ಮೇಲೆ ತೆರೆದಿಟ್ಟಿದ್ದರು. ಮರಿಯಮ್ಮನ ಕಣ್ಣು ಊದಿತ್ತು. ವಾಜಿದ್‌ನನ್ನೂ ಕರೆಸಲಾಗಿತ್ತು. ಅವನು ಚಪ್ಪಲಿ ಬಿಟ್ಟು ಬಾಗಿಲ ಬಳಿಯೇ ನಿಂತಿದ್ದ.

"ನಾನು ಆರಿಸಿಲ್ಲ," ನಾಗೇಶ್ ಮೊದಲೇ ಶುರುಮಾಡಿದ. "ರಾತ್ರಿಯಿಂದ ಅತ್ತಿಗೆ ನನ್ನ ಜತೆ ಮಾತಿಲ್ಲ. ಬೇಕಿದ್ರೆ ದೇವರ ಮುಂದೆ ದೀಪ ಆರಿಸಿ ಆಣೆ ಮಾಡ್ತೀನಿ."

"ಆರಿಸೋದು ಬೇಡ ಮಾರಾಯಾ, ಆಗಿರೋದೇ ಸಾಕು," ಎಂದ ವಾಜಿದ್. ಯಾರೂ ನಗಲಿಲ್ಲ.

ಆಶಾರಾಣಿ ಕುರ್ಚಿ ಎಳೆದುಕೊಂಡು ಕೂತರು. "ನಾಗೇಶ್, ನಿನ್ನೆ ಟೆರೇಸಲ್ಲಿ 'ಮಾರ್ಬಿಡಿ' ಅಂತ ಕೂಗ್ತಿದ್ರಲ್ಲ. ಏನನ್ನ?"

"ಸೈಟು."

"'ಆಮೇಲೆ ಇನ್ನೂ ಬಿದ್ದೋಗುತ್ತೆ' ಅಂದ್ರಿ. ಈ ಕಡೆ ಸೈಟಿನ ಬೆಲೆ ಮಧ್ಯಾಹ್ನದಿಂದ ಸಾಯಂಕಾಲಕ್ಕೆ ಬೀಳುತ್ತಾ?"

ಆಶಾರಾಣಿ ವಾಜಿದ್ ಕಡೆ ನೋಡಿದರು. ವಾಜಿದ್ ಚಾವಣಿ ನೋಡಿದ.

"ಟೆರೇಸಿನ ಡಬ್ಬದಿಂದ ನಿಮ್ಮ ಕೋಣೆಗೂ ಒಂದು ತಂತಿ ಇಳಿದಿದೆ. ನೀವೂ ಶೇರು ಮಾಡ್ತೀರಿ. ಅತ್ತಿಗೇನ ಅಷ್ಟು ಆಡಿಕೊಂಡ ಮೇಲೆ ಹೇಳೋಕೆ ನಾಚಿಕೆ. ನಿನ್ನೆ ಅವರ ನೆಟ್ ಹೋದಾಗ ನಿಮ್ಮದೂ ಹೋಯ್ತು. ಅದಕ್ಕೇ ಮೇಲೆ ಓಡಿ ಬ್ರೋಕರಿಗೆ ಕೂಗಿದ್ದು. ಆರಿಸಿದವರು ನೀವಾದ್ರೆ ನಿಮ್ಮ ದುಡ್ಡನ್ನೂ ಸೇರಿಸಿ ಮುಳುಗಿಸಿದ ಹಾಗಾಗುತ್ತೆ."

"ನಾಗೇಶಾ?" ಕಲಾವತಿ ಬಾಯಿ ತೆರೆದುಕೊಂಡೇ ಕೇಳಿದರು. "ಜೂಜು ಅಂತಿದ್ದೆ?"

"ಜೂಜೇ ಅತ್ತಿಗೆ," ಅವನು ನೆಲ ನೋಡಿದ. "ಸ್ವಲ್ಪ ಚೆನ್ನಾಗಿದೆ ಅಷ್ಟೆ."

ಮುನೇಶನಿಗೆ ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. ಆ ಮಾತನ್ನು ಅವನೇ ಕಿವಿಯಾರೆ ಕೇಳಿದ್ದ. ಕೇಳಿಯೂ ಕೇಳಿಸಿಕೊಂಡಿರಲಿಲ್ಲ.

ಅಷ್ಟರಲ್ಲಿ ಮರಿಯಮ್ಮ ಗಡಿಯಾರದ ಕಡೆ ನೋಡಿ ಮೆಲ್ಲಗೆ ಎದ್ದರು. "ಮಾತಾಡ್ತಿರಿ. ಮೆಣಸಿನಕಾಯಿ ತಿರುವಾಕಿ ಬತ್ತೀನಿ."

"ಕೂತ್ಕೊಳ್ಳಿ ಅಮ್ಮ," ಎಂದರು ಆಶಾರಾಣಿ. ದನಿ ಮೃದುವಾಗಿತ್ತು. "ಮೆಣಸಿನಕಾಯಿ ಈಗ ತಾನೆ ಹರಡಿ ಬಂದಿದ್ದೀರಿ. ಮತ್ತೆ, ಹತ್ತೂವರೆಗೆ ಇನ್ನೂ ಸ್ವಲ್ಪ ಟೈಮಿದೆ."

ಮರಿಯಮ್ಮ ನಿಂತಲ್ಲೇ ನಿಂತರು.

"ಹತ್ತೂವರೆಗೆ ಏನು?" ಕಲಾವತಿ ಕೇಳಿದರು.

"ಶುಕ್ರವಾರ ಹತ್ತೂವರೆಗೆ ಏನು ಬರುತ್ತೆ? ಬುಧವಾರ ಹನ್ನೆರಡಕ್ಕೆ? ಗುರುವಾರ ಊಟ ಆದ ಮೇಲೆ? ಮಂಗಳವಾರ ಮೂರು ಗಂಟೆಗೆ, ನಿಮ್ಮ ಮಾರ್ಕೆಟ್ ಮುಚ್ಚೋ ಮುಂಚೆ?"

ನಾಗೇಶ್ ಮೆಲ್ಲಗೆ ಹೇಳಿದ. "ರಾಹುಕಾಲ."

"ಸೋಮವಾರ ಅದು ಬೆಳಿಗ್ಗೆ ಏಳೂವರೆಗೇ ಬಂದು, ಮಾರ್ಕೆಟ್ ತೆರೆಯೋದರಲ್ಲಿ ಮುಗಿದುಹೋಗುತ್ತೆ. ಅದಕ್ಕೇ ಸೋಮವಾರ ನಿಮ್ಮ ನೆಟ್ ಕೈಕೊಡಲ್ಲ. ನೀವು ಹೊತ್ತು ಹೇಳಿದಾಗ ನನಗೂ ಹೊಳೀಲಿಲ್ಲ ಕಲಾವತಿ. ಹೊಳೆದದ್ದು ಮಜ್ಜಿಗೆಯಿಂದ. ಬಂದವರಿಗೆ ಬಂದ ಕೂಡಲೇ ಕುಡಿಯೋಕೆ ಕೊಡ್ತಾರೆ. ಅಮ್ಮ ನಾವು ಹೊರಟಾಗ ಕೊಟ್ರು. ಎದ್ದಾಗಲೆಲ್ಲ ಒಂದೊಂದು ಕೊಟ್ಟು ಕೂರಿಸಿದ್ರು. ಕೆಟ್ಟ ಹೊತ್ತಲ್ಲಿ ಹೊರಗೆ ಕಾಲಿಡಬಾರದು, ಆದ್ರೆ ಬಾಯಿಬಿಟ್ಟು ಹೇಳಿದ್ರೆ ಈ ಕಾಲದೋರು ನಗ್ತಾರೆ. ಮೂರು ಹೊಡೆದ ಕೂಡಲೇ ಟೆರೇಸಿಗೆ ಹೋಗಿ ಬಂದ್ರು, ನೆಟ್ ಬಂತು, ನನಗೆ ಕುಂಕುಮ ಇಟ್ಟು ಕಳಿಸಿದ್ರು. ಮೂರೂ ಒಂದೇ ಗಳಿಗೇಲಿ."

ಎಲ್ಲರೂ ಮರಿಯಮ್ಮನ ಕಡೆ ತಿರುಗಿದರು. ಮುದುಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ನಾನೇ ಕಣಮ್ಮ," ಎಂದರು. "ಶಿವರಾತ್ರಿ ಆದ್ಮ್ಯಾಕೆ ಒಂದು ಶುಕ್ರವಾರ ಅಡುಗೆಮನೇಲಿ ಕೂತ್ಕಂಡು ಇವಳು ಅತ್ತಳು. ಏನೋ ಕೊಂಡೆ ಅತ್ತೆ, ಓಯ್ತು ಅಂದ್ಳು. ಎಷ್ಟೊತ್ತಿಗೆ ಕೊಂಡೆ ಅಂದೆ. ಅನ್ನೊಂದಕ್ಕೆ ಅಂದ್ಳು. ನನ್ನೆದೆ ಝಲ್ಲಂತು. ಒಂದು ಪಾವು ಉಪ್ಪು ಕೊಳ್ಳಾಕೂ ನಮ್ಮೋರು ಆ ಒತ್ತಲ್ಲಿ ಓಗ್ತಿರ್ಲಿಲ್ಲ. ಏಳಿದ್ರೆ ಕೇಳ್ತಾಳಾ? ಕಾಲೆಂಡರ್ ತೆಗಿಯೋದೇ ರಜಾ ನೋಡಾಕೆ. ಶೇರು ಗೀರು ನಂಗೆ ತಿಳೀದು. ಆ ಸ್ವಿಚ್ಚೊಂದು ತಿಳೀತಿತ್ತು. ಇವಳ ದುಡ್ಡು ಉಳೀಲಿ ಅಂತ..."

"ಅತ್ತೆ," ಎಂದರು ಕಲಾವತಿ. ಕೋಪವೋ ಅಳುವೋ ಮುನೇಶನಿಗೆ ಗೊತ್ತಾಗಲಿಲ್ಲ. "ಆಮೇಲಿನ ಶುಕ್ರವಾರಗಳಲ್ಲಿ ನಾನು ಕೊಂಡಿದ್ದು ಮಾರ್ಕೆಟ್ ತೆರೆದ ತಕ್ಷಣ. ನೀವು ಆರಿಸ್ದಾಗ ನಾನು ಮಾರೋಕೆ ಕೂತಿದ್ದೆ. ಮಾರೋಕಾಗದೇ ಹೋಗಿದ್ದಕ್ಕೇ ನಷ್ಟ ಆಗಿದ್ದು."

"ಮಾರೋದಾ? ಅದ್ರಾಗೆ ಮಾರೋದೂ ಅದಾ?"

"ಅದೇ ಮುಖ್ಯ ಅತ್ತೆ."

ಮರಿಯಮ್ಮ ನಿಧಾನವಾಗಿ ಕೂತರು. "ಅಂಗಂದ್ರೆ ನಿನ್ ನಷ್ಟ ಎಲ್ಲಾ ನಾನೇ ಮಾಡ್ದಂಗಾಯ್ತು."

ಗಡಿಯಾರದ ಮುಳ್ಳು ಹತ್ತೂವರೆ ದಾಟಿತು. ಒಳಕೋಣೆಯ ಪರದೆಯ ಮೇಲೆ ಅಂಕಿಗಳು ಕುಣಿಯುತ್ತಲೇ ಇದ್ದವು. ಮುದುಕಿ ಅದನ್ನು ಭಯದಿಂದ ನೋಡಿದರು.

ಮುನೇಶ್ ಸಾಮಾನ್ಯವಾಗಿ ಇಂಥ ಕಡೆ ಬಾಯಿ ತೆರೆಯುವವನಲ್ಲ. ನಿನ್ನೆ ತೆರೆದು ಆದದ್ದು ಸಾಕಿತ್ತು. ಆದರೂ ಕೇಳಿದ. "ಅಮ್ಮ, ಬಸ್ಸು ಹತ್ತಿ ಅರ್ಧ ದಾರಿಗೆ ಬಂದಾಗ ರಾಹುಕಾಲ ಶುರುವಾದ್ರೆ, ಮಧ್ಯದಲ್ಲಿ ಇಳಿದುಬಿಡ್ತೀರಾ?"

"ಯಾಕಪ್ಪ ಇಳೀಲಿ? ಒಳ್ಳೆ ಒತ್ತಲ್ಲಿ ಒಂಟಿದ್ದು, ಊರು ಸೇರಿದ್ರಾಯ್ತು. ಒಸದಾಗಿ ಏನೂ ಶುರು ಮಾಡ್ಬಾರ್ದು, ಅಷ್ಟೆ."

"ಬೆಳಿಗ್ಗೆ ಕೊಂಡಿದ್ದನ್ನ ಮಾರೋದು ಅಂದ್ರೆ ಊರು ಸೇರಿದ ಹಾಗೆ ಅಮ್ಮ. ನೀವು ಆರಿಸಿದ್ದು ಬಸ್ಸಿನ ಇಂಜಿನ್ನು."

ಮರಿಯಮ್ಮ ಅವನನ್ನೇ ದಿಟ್ಟಿಸಿದರು. ಆಮೇಲೆ ಸೊಸೆಯ ಕಡೆ. "ನಿಜವಾ?"

ಕಲಾವತಿ ತಲೆಯಾಡಿಸಿದರು. ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. "ಒಂದು ಮಾತು ಅತ್ತೆ. ಆ ಹೊತ್ತಲ್ಲಿ ನಾನು ಹೊಸದಾಗಿ ಏನೂ ಕೊಳ್ಳಲ್ಲ. ಮಾರೋದು ಮಾತ್ರ. ನೀವು ಸ್ವಿಚ್ ಮುಟ್ಟಲ್ಲ. ಆಯ್ತಾ?"

"ಆಣೆ ಮಾಡು."

"ಮಾಡ್ತೀನಿ. ನೀವೇ ಪಕ್ಕದಲ್ಲಿ ಕೂತು ಕಾಯಿರಿ."

"ನಂದೂ ಕಾಯ್ಬೇಕವ್ವಾ," ಎಂದ ನಾಗೇಶ್. "ನನಗೆ ಆಣೆ ಇಟ್ಟರೂ ಕೈ ನಿಲ್ಲಲ್ಲ."

"ನಿನ್ನ ಸ್ವಿಚ್ಚು ನಾನೇ ಆರಿಸ್ತೀನಿ," ಎಂದರು ಕಲಾವತಿ. ಆಮೇಲೆ ದನಿ ತಗ್ಗಿಸಿ, "ರಾತ್ರಿಯಿಂದ ನಿನ್ನ ಜತೆ ಮಾತಾಡಲಿಲ್ಲ. ತಪ್ಪಾಯ್ತು ಕಣೋ" ಎಂದರು. ನಾಗೇಶ್ ಒಳಗೆ ಹೋಗಿ, ಮಂಚದ ಮೇಲಿನ ಎರಡೂ ಸೂಟ್‌ಕೇಸುಗಳನ್ನು ಮುಚ್ಚಿ ಅಟ್ಟಕ್ಕೆ ಏರಿಸಿದ. ಕಲಾವತಿ ಗಂಗಾನಗರಕ್ಕೆ ಫೋನ್ ಮಾಡಿ, ಮನೆ ಬೇರೆಯವರಿಗೆ ಕೊಡಿ ಎಂದರು.

ಹೊರಗೆ ಬಂದ ಮೇಲೆ ಮುನೇಶ್ ಕೇಳಿದ. "ನಿನ್ನೆ ನಾನು ಆ ಮಾತು ಆಡಬಾರದಿತ್ತು, ಅಲ್ವಾ ಮೇಡಂ?"

"ಆಡಬಾರದಿತ್ತು," ಎಂದರು ಆಶಾರಾಣಿ. ನಾಲ್ಕು ಹೆಜ್ಜೆ ನಡೆದು, "ಇವತ್ತಿನ ಬಸ್ಸಿನ ಮಾತು ನನಗೆ ಹೊಳೆದಿರಲಿಲ್ಲ" ಎಂದರು.

ಯುಗಾದಿ ಕಳೆದು, ಮೊದಲ ಮಳೆ ಗುಡುಗಿ ಬಂದ ಒಂದು ಬುಧವಾರ ಮಧ್ಯಾಹ್ನ ಕಚೇರಿಯ ಫೋನು ರಿಂಗಾಯಿತು. ಮುನೇಶ್ ಎತ್ತಿಕೊಂಡ. ಆ ಕಡೆ ಗದ್ದಲವೋ ಗದ್ದಲ. ಏಣಿ ಹಿಡಿಯೋ ವಾಜಿದಣ್ಣ ಎಂದು ನಾಗೇಶ್ ಕೂಗುತ್ತಿದ್ದ, ಕೊಂಬೆ ತಂತಿ ಮೇಲೆ ಬಿದ್ದಿದೆ ಮೊದಲು ಅದನ್ನ ಎತ್ತಿ ಎಂದು ಕಲಾವತಿ ನಗುತ್ತಾ ಹೇಳುತ್ತಿದ್ದರು. ಅದೆಲ್ಲದರ ನಡುವೆ ರಿಸೀವರಿಗೆ ತೀರ ಹತ್ತಿರದಲ್ಲಿ ಮರಿಯಮ್ಮನ ದನಿ ಬಂತು.

"ನೆಟ್ಟು ಓಗ್ಬುಟ್ಟದೆ ಕಣಪ್ಪ. ನಿಮ್ಮ ಮೇಡಮ್ಮಂಗೆ ಏಳ್ಬುಡು. ಈ ಸಲ ನಾನಲ್ಲ."